ಮರಿಯಣ್ಣನ ಸಹಿ ಸಂಗ್ರಹ

ಇಷ್ಟಕ್ಕೆಲ್ಲ ಕಾರಣ ಒಂದು ಹಸಿರು ಶಾಲು. ತೊಂಬತ್ತೆಂಟರ ಏಪ್ರಿಲ್‌ನಲ್ಲಿ ಬೊಮ್ಮೇನಹಳ್ಳಿಯ ಮರಿಯಣ್ಣ ಕೊಬ್ಬರಿ ಮಾರಲು ಅರಸೀಕೆರೆಗೆ ಹೋದವನು, ಬಿಸಿಲು ತಡೆಯಲಾರದೆ ಮಾರುಕಟ್ಟೆಯ ಪಕ್ಕದ ಶಾಮಿಯಾನದ ನೆರಳಿಗೆ ನುಗ್ಗಿದ. ಅಲ್ಲಿ ರೈತರ ಸಭೆ ನಡೆದಿತ್ತು. ಪರದೇಶದ ತಂಪು ಪಾನೀಯದ ಕಂಪನಿಯೊಂದು ಬೊಮ್ಮೇನಹಳ್ಳಿ ಕೆರೆಯ ಕೆಳಗೆ ಕಾರ್ಖಾನೆ ಕಟ್ಟಿ ನಾಲ್ಕು ಬೋರ್ ಕೊರೆಸಲಿದೆ ಎಂದು ಮುಖಂಡರು ಗುಡುಗುತ್ತಿದ್ದರು. ಆ ಊರಿನವರು ಯಾರಾದರೂ ಇದ್ದೀರಾ ಎಂದು ಕೇಳಿದಾಗ ಮರಿಯಣ್ಣ ಕೈಯೆತ್ತಿದ. ಎತ್ತಿದ ಕೈ ಇಳಿಯುವಷ್ಟರಲ್ಲಿ ಹೆಗಲಿಗೆ ಶಾಲು ಬಿದ್ದು ಅವನು ಗ್ರಾಮ ಸಂಚಾಲಕನಾಗಿದ್ದ.

ಕೆಲಸವೇನೂ ದೊಡ್ಡದಲ್ಲ. ಕಾರ್ಖಾನೆ ಬೇಡವೆಂಬ ಅರ್ಜಿಗೆ ಊರಿನ ನೂರು ಜನರ ಸಹಿ ಹಾಕಿಸಿ ಶುಕ್ರವಾರ ಸಂಜೆ ಐದರೊಳಗೆ ತಾಲ್ಲೂಕು ಕಚೇರಿಗೆ ಕೊಡಬೇಕು. ಆಕ್ಷೇಪಣೆಗೆ ಅದೇ ಕಡೆಯ ದಿನ. "ಮೊದಲ್ನೇ ಸಾಲು ಅರ್ಜಿದಾರರದು, ಅಂದ್ರೆ ನಿಮ್ದು," ಎಂದು ಮುಖಂಡರು ಬೆರಳಿಟ್ಟು ತೋರಿಸಿದರು. "ಅದೊಂದು ಇಲ್ದಿದ್ರೆ ಮಿಕ್ಕಿದ್ದು ಸಾವಿರ ಇದ್ರೂ ಕಸದ ಬುಟ್ಟಿಗೆ, ನೆನಪಿರಲಿ."

ಮರಿಯಣ್ಣನಿಗೆ ಕೆರೆಯ ಕೆಳಗೆ ಎಂಬತ್ತು ತೆಂಗಿನ ಮರಗಳಿದ್ದವು, ಅಪ್ಪ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಮರಗಳು. ಪಕ್ಕದಲ್ಲೇ ನಾಲ್ಕು ಬೋರ್ ಬಿದ್ದರೆ ಅವು ಎಷ್ಟು ದಿನ ನಿಂತಾವು ಎಂದು ನೆನೆದು ಅವನು ನಿಜಕ್ಕೂ ದಿಗಿಲುಬಿದ್ದ. ಆದರೂ ಮೊದಲ ನಾಲ್ಕು ದಿನ ಶಾಲಿಗೆ ಇಸ್ತ್ರಿ ಹಾಕಿಸುವುದರಲ್ಲಿ, ಕನ್ನಡಿಯ ಮುಂದೆ ಭಾಷಣ ಒಪ್ಪಿಸುವುದರಲ್ಲಿ ಮತ್ತು ಸಹಿ ಹಾಕಿ ಹಾಕಿ ನೋಡುವುದರಲ್ಲಿ ಕಳೆದವು. ಒಂದು ಹೊಸ ಇಂಕ್ ಪೆನ್ನನ್ನೂ ಕೊಂಡ. ತನ್ನ ಸಹಿಯನ್ನು ತಹಶೀಲ್ದಾರ್ ಸಾಹೇಬರು ನೋಡುತ್ತಿರುವಾಗಲೇ, ಅವರ ಮೇಜಿನ ಮೇಲೇ, ಬಾಲ ಎಳೆದು ಹಾಕಬೇಕೆಂಬುದು ಅವನ ಆಸೆ. ಊರಿನವರಿಗೆಂದು ಹಳೆಯ ಬಾಲ್‌ಪೆನ್ನು, ಹೆಬ್ಬೆಟ್ಟಿನವರಿಗೆ ಮಸಿಡಬ್ಬಿ ಜೋಡಿಸಿಕೊಂಡ.

ಶುಕ್ರವಾರ ಬೆಳಿಗ್ಗೆ ಶಾಲು ಹೊದ್ದು ಹೊರಟವನು, ಪರದೇಶಿ ಪಾನೀಯ ಬಿಡಿ, ಎಳನೀರು ಕುಡಿಯಿರಿ ಎಂದು ಇಡೀ ಊರಿಗೆ ಹೇಳುವುದಾಗಿ ಹೆಂಡತಿ ಸುವರ್ಣಮ್ಮನಿಗೆ ತಿಳಿಸಿದ.

"ಎಂಬತ್ತು ಮರ ಐತೆ," ಎಂದಳು ಆಕೆ, ಮೊರದಿಂದ ತಲೆಯೆತ್ತದೆ. "ಇವತ್ತಿನಗಂಟ ನಂಗೊಂದು ಎಳನೀರು ಕೆಡವಿ ಕೊಟ್ಟಿದ್ದೀರಾ?"

ಮರಿಯಣ್ಣ ಕೇಳಿಸದವನಂತೆ ಮೆಟ್ಟು ಮೆಟ್ಟಿದ. ಆ ಸೀಮೆಯಲ್ಲಿ ಯಾರೂ ಎಳನೀರು ಕೆಡವುವುದಿಲ್ಲ. ಕಾಯಿ ಮರದಲ್ಲೇ ಬಲಿಯಬೇಕು, ಆಮೇಲೆ ಅಟ್ಟದ ಮೇಲೆ ವರ್ಷವೊಪ್ಪತ್ತು ಒಣಗಿ ಉಂಡೆ ಕೊಬ್ಬರಿಯಾಗಬೇಕು. ಎಳೆಯದನ್ನು ಕಿತ್ತರೆ ಒಂದು ಕೊಬ್ಬರಿ ಹೋದ ಹಾಗೆ. ಸುತ್ತಲೂ ಸಾವಿರಾರು ಮರಗಳಿದ್ದರೂ ಎಳನೀರು ಸಿಗುತ್ತಿದ್ದುದು ಜ್ವರ ಬಂದವರಿಗೆ ಮಾತ್ರ.

ಮೊದಲು ಹೋದದ್ದು ಊರ ಹಿರಿಯ ಲಕ್ಕಪ್ಪನ ಮನೆಗೆ. ಮರಿಯಣ್ಣ ಭಾಷಣದ ಅರ್ಧಕ್ಕೆ ಬಂದಿದ್ದಾಗ ಲಕ್ಕಪ್ಪನ ಹೆಂಡತಿ ಬೋರಮ್ಮ ಹಿತ್ತಲ ಬಾಗಿಲಿಂದ ಹೊರಗೆ ಹೋಗಿ, ಸೆರಗಿನಡಿ ಏನನ್ನೋ ಮುಚ್ಚಿಕೊಂಡು ಬಂದು ಮುಂದಿಟ್ಟಳು. ಮನೆಗೆ ದೊಡ್ಡವರು ಬಂದರೆ ಅಂಗಡಿಯಿಂದ ಕಲರ್, ಅಂದರೆ ಬಾಟ್ಲಿಯ ತಂಪು ಪಾನೀಯ, ತರಿಸಿ ಕೊಡುವುದು ಆ ಊರಿನ ಮರ್ಯಾದೆ. ಈ ಕಲರ್ ಅದೇ ಕಂಪನಿಯದಾಗಿತ್ತು.

ಮರಿಯಣ್ಣ ಬೆಚ್ಚಿಬಿದ್ದು, ನಾವು ವಿರೋಧ ಮಾಡುತ್ತಿರುವುದು ಇದನ್ನೇ ಎಂದು ಬಿಡಿಸಿ ಹೇಳಿದ. ಕೊಡುವುದೇ ಆದರೆ ಒಂದು ಎಳನೀರು ಕೊಡಿ ಎಂದ. ಮನೆಗೆ ಬಂದ ಸಂಚಾಲಕರಿಗೆ ಹಿತ್ತಲಲ್ಲಿ ಬಿಡುವ ಕಾಯಿಯನ್ನು ಕೊಡುವುದೇ ಎಂದು ಬೋರಮ್ಮ ನೊಂದುಕೊಂಡಳು. ಕಾಯಿಗಳನ್ನು ಕೊಬ್ಬರಿಗೆ ಬಿಟ್ಟಿದ್ದೇವೆ ಎಂದ ಲಕ್ಕಪ್ಪ.

"ವಿರೋಧ ಮಾಡನ, ಯಾರು ಬ್ಯಾಡ ಅಂದೋರು?" ಎಂದು ಲಕ್ಕಪ್ಪ ಬಾಟ್ಲಿಯನ್ನು ಮುಂದಕ್ಕೆ ತಳ್ಳಿದ. "ಮೊದ್ಲು ಇದನ್ನ ಕುಡಿ, ಆಮ್ಯಾಕೆ ಸಹಿ."

ಮರಿಯಣ್ಣ ಕುಡಿದ. ಅತಿಥಿಯೊಬ್ಬನೇ ಕುಡಿದರೆ ಚೆನ್ನಾಗಿರುವುದಿಲ್ಲವೆಂದು ಮನೆಯವರೂ ಎರಡು ಬಾಟ್ಲಿ ಹಂಚಿಕೊಂಡರು. ಐದು ಸಹಿ ಬಿದ್ದವು.

ಪಕ್ಕದ ಮನೆಯ ಚಲುವಮ್ಮ ಇದನ್ನೆಲ್ಲ ಗೋಡೆಯ ಆಚೆಯಿಂದ ನೋಡಿದ್ದಳು. ಲಕ್ಕಪ್ಪನ ಮನೆಯಲ್ಲಿ ಕುಡಿದು ತನ್ನ ಮನೆಯಲ್ಲಿ ಬೇಡವೆಂದರೆ, ವಿಧವೆಯ ಮನೆಯೆಂದು ಸಸಾರವೇ ಎಂದು ಕೇಳಿ ಕಣ್ಣಲ್ಲಿ ನೀರು ತಂದುಕೊಂಡಳು. ಅಲ್ಲಿಯೂ ಕುಡಿಯಬೇಕಾಯಿತು. ಅಲ್ಲಿಂದ ಮುಂದೆ ಸುದ್ದಿ ಮರಿಯಣ್ಣನಿಗಿಂತ ಒಂದು ಮನೆ ಮುಂದೆಯೇ ಓಡುತ್ತಿತ್ತು. ಅವನು ಹೊಸಿಲು ತುಳಿಯುವ ಮೊದಲೇ ಮುಚ್ಚಳ ಹಾರಿಸುವ ಸದ್ದು ಕೇಳಿಸುತ್ತಿತ್ತು. ಏಳನೆಯ ಮನೆಯಲ್ಲಿ 'ನಮ್ಮ ನೀರು' ಎಂದು ಶುರುಮಾಡಿದ ಭಾಷಣ ಉದ್ದನೆಯ ತೇಗಿನಲ್ಲಿ ಮುಗಿಯಿತು. ಹೊಟ್ಟೆ ಗಾಳಿ ತುಂಬಿದ ಟ್ಯೂಬಿನಂತೆ ಬಿಗಿದುಕೊಂಡಿತ್ತು.

ಕೆಳಗಿನ ಕೇರಿಯಲ್ಲಿ ಗಿಡ್ಡಯ್ಯನ ಮನೆ. ಗೋಡೆಯ ಮೇಲೆ ಬುದ್ಧನ ಪಟ. ಗಿಡ್ಡಯ್ಯನ ಮಗ ರವಿಕುಮಾರ್ ಬೇಲೂರಿನಲ್ಲಿ ಕೆಲಸದಲ್ಲಿದ್ದವನು, ರಜೆಗೆ ಬಂದಿದ್ದ. ಅವನ ಕೈಯಲ್ಲೂ ಬಾಟ್ಲಿ ಕಂಡಾಗ ಮರಿಯಣ್ಣ, ದಮ್ಮಯ್ಯ, ಒಂದು ಲೋಟ ನೀರು ಕೊಡಿ ಸಾಕು ಎಂದ. ರವಿಕುಮಾರ್ ಬಾಟ್ಲಿಯನ್ನು ಕೆಳಗಿಟ್ಟ.

"ನಮ್ಮನೇಲಿ ನಿಮ್ಮೋರು ನೀರು ಕೇಳಿದ್ದು ಇದೇ ಮೊದಲು ಕಣ್ರೀ," ಎಂದ. "ಎಲ್ರೂ ಸೀಲ್ ಇರೋ ಬಾಟ್ಲಿನೇ ಕೇಳೋರು."

ಗಿಡ್ಡಯ್ಯನ ಹೆಂಡತಿ ಮಾರಮ್ಮ ಗುಡಾಣದಿಂದ ನೀರು ತಂದುಕೊಟ್ಟಳು. ಮರಿಯಣ್ಣನಿಗೆ ನಾಚಿಕೆಯೂ ಆಯಿತು, ಜೀವವೂ ತಂಪಾಯಿತು. ಆ ದಿನ ಅವನು ಇಷ್ಟಪಟ್ಟು ಕುಡಿದದ್ದು ಅದೊಂದನ್ನೇ. ಆದರೆ ಲೋಟ ಕೆಳಗಿಡುವಷ್ಟರಲ್ಲಿ ಗಿಡ್ಡಯ್ಯ, ಮೇಲಿನ ಕೇರಿಯಲ್ಲಿ ಕುಡಿದದ್ದು ನಮ್ಮಲ್ಲಿ ಯಾಕಾಗದು ಎಂದು ಬಾಟ್ಲಿಯನ್ನೂ ಕೈಗಿತ್ತ. ಅದನ್ನೂ ಕುಡಿದ.

ಬೀದಿಯಲ್ಲಿ ಸಿಕ್ಕವರದೂ ಸೇರಿ ಮಧ್ಯಾಹ್ನ ಮೂರಕ್ಕೆ ನೂರು ಸಹಿ ತುಂಬಿದವು. ಮರಿಯಣ್ಣನ ಹೊಟ್ಟೆಗೆ ಹನ್ನೊಂದು ಬಾಟ್ಲಿ ಸೇರಿದ್ದವು. ಹಳೇಬೀಡಿನ ಕಡೆಯಿಂದ ಬಂದ ಬಸ್ಸಿನಲ್ಲಿ ಹಿಂದಿನ ಸೀಟೇ ಸಿಕ್ಕಿತು. ಪ್ರತಿ ಗುಂಡಿಗೂ ಒಂದು ತೇಗು. ಮುಂದೆ ಕೂತಿದ್ದ ಹೆಂಗಸು ಎರಡು ಸಲ ತಿರುಗಿ ನೋಡಿ, ಮೂರನೆಯ ಸಲ ಎದ್ದುಹೋದಳು.

ಅರಸೀಕೆರೆಯ ತಾಲ್ಲೂಕು ಕಚೇರಿ ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಮರಿಯಣ್ಣ ಶಾಲು ಸರಿಪಡಿಸಿಕೊಂಡು, ಹೊಸ ಪೆನ್ನಿಗೆಂದು ಜೇಬಿಗೆ ಕೈ ಹಾಕಿದ. ಅದೇ ಹೊತ್ತಿಗೆ ಹನ್ನೊಂದು ಬಾಟ್ಲಿಯೂ ಒಟ್ಟಿಗೆ ಹೊರಗೆ ಹೊರಟವು. ಕಂಡ ಗುಮಾಸ್ತನ ಕೈಗೆ ಹಾಳೆಗಳನ್ನು ತುರುಕಿ, ಕಚೇರಿಯ ಹಿಂದಕ್ಕೆ ಓಡಿದ. ಅಲ್ಲಿ ಅವನಿಗಿಂತ ಮೊದಲೇ ನಾಲ್ಕು ಜನ ನಿಂತಿದ್ದರು. ವಾಪಸ್ಸು ಬಂದಾಗ ಜವಾನ ಬೀಗ ಹಾಕುತ್ತಿದ್ದ. ಕಾಗದವೆಲ್ಲ ಒಳಗೆ ಹೋಗಿದೆ ಎಂದ.

ಒಳಗೆ ಹೋಗಿದೆಯಲ್ಲ, ಸಾಕು. ಭಾಷಣ ಮಾಡಲಾಗಲಿಲ್ಲವೆಂಬ ಕೊರಗಿದ್ದರೂ ಮರಿಯಣ್ಣನ ಎದೆ ಹಗುರಾಯಿತು, ಹೊಟ್ಟೆ ಮೊದಲೇ ಹಗುರಾಗಿತ್ತು. ಮರಗಳು ಉಳಿದವು ಎಂದುಕೊಂಡು ಬಸ್ಸಿನ ಕಿಟಕಿಗೆ ತಲೆಯೊರಗಿಸಿ ನಿದ್ದೆ ಹೋದ.

ಊರಿಗೆ ಬಂದರೆ ಅವನ ಮನೆಯ ಮುಂದೆ ಕೆಂಪು ವ್ಯಾನು ನಿಂತಿತ್ತು. ಜಗಲಿಯ ಮೇಲೆ ಆಳೆತ್ತರದ ಕೆಂಪು ಫ್ರಿಜ್ಜು. ಸುತ್ತ ಅರ್ಧ ಊರು.

ಪಕ್ಕದ ಪೆಟ್ಟಿಗೆ ಅಂಗಡಿಯ ಶಿವಯ್ಯ ನಡೆದದ್ದನ್ನು ಹಲ್ಲು ಬಿಟ್ಟುಕೊಂಡು ಹೇಳಿದ. ಹೋದ ವರ್ಷದಿಂದ ಧೂಳು ಹಿಡಿದಿದ್ದ ಮೂರು ಕ್ರೇಟ್ ಮಧ್ಯಾಹ್ನದೊಳಗೆ ಖಾಲಿಯಾಗಿ, ಅವನು ಏಜೆಂಟನಿಗೆ ಫೋನ್ ಮಾಡಿದ್ದ. ಅಂಗಡಿಯಲ್ಲಿ ಕರೆಂಟ್ ಇಲ್ಲದ್ದರಿಂದ ಫ್ರಿಜ್ಜನ್ನು ಇಲ್ಲಿಡಲು ಸುವರ್ಣಮ್ಮನನ್ನು ಕೇಳಿದ್ದ. ಒಂದು ಖಾನೆಯಲ್ಲಿ ಮೊಸರಿಡಬಹುದೆಂದು ಗೊತ್ತಾದ ಮೇಲೆ ಆಕೆ ಬೇಡವೆನ್ನಲಿಲ್ಲ.

ವ್ಯಾನಿನಲ್ಲಿ ಕಂಪನಿಯ ಕಡೆಯಿಂದ ಬಂದಿದ್ದ, ಟೈ ಕಟ್ಟಿದ ಯುವಕ ಮರಿಯಣ್ಣನ ಕೈ ಹಿಡಿದು ಕುಲುಕಿದ. "ಟೂರಿಸ್ಟ್ ಬರೋ ಹಳೇಬೀಡಲ್ಲೂ ಒಂದಿನಕ್ಕೆ ಇಷ್ಟು ಹೋಗಲ್ಲ ಸಾರ್. ಫ್ಯಾಕ್ಟರಿಗೆ ಇದೇ ಊರು ಸರಿ ಅಂತ ಮೇಲಿನೋರಿಗೆ ಬರೀತೀನಿ. ಫ್ರಿಜ್ಜಿಗೆ ಯಜಮಾನರದ್ದು ಒಂದು ಸಹಿ ಬೇಕಿತ್ತು."

ಮರಿಯಣ್ಣ ಆಗದು ಎಂದ. ಹೋರಾಟ ಎಂದ, ನೀರು ಎಂದ. ಯಾರೂ ಒಪ್ಪಲಿಲ್ಲ. ಬೆಳಿಗ್ಗೆಯಿಂದ ಅವನು ತೋರಿಸಿದಲ್ಲೆಲ್ಲ ಹೆಬ್ಬೆಟ್ಟು ಒತ್ತಿದವರು ಎದುರಿಗೇ ನಿಂತಿದ್ದರು.

"ಊರೋರೆಲ್ಲ ನಿಮ್ಮ ಮಾತಿಗೆ ಸಹಿ ಹಾಕವ್ರೆ," ಎಂದಳು ಸುವರ್ಣಮ್ಮ. "ಮನೆ ಬಾಗ್ಲಿಗೆ ಬಂದೋರು ಒಂದು ಸಹಿ ಕೇಳಿದ್ರೆ ನಿಮಗೆ ಭಾರವಾ?"

ಮರಿಯಣ್ಣ ಸೋತ. ಬಾಲ್‌ಪೆನ್ನಿನ ಕಡ್ಡಿ ಮುಗಿದಿತ್ತು. ಹೊಸ ಇಂಕ್ ಪೆನ್ನು ತೆಗೆದು, ನಾಲ್ಕು ದಿನ ಅಭ್ಯಾಸ ಮಾಡಿದ್ದ ಸಹಿಯನ್ನು ಬಾಲ ಎಳೆದು ಹಾಕಿದ. ಬಾಲದ ತುದಿಗೆ ಬಂದಾಗ ಕೈ ನಿಂತುಹೋಯಿತು. ಆ ಪೆನ್ನಿನ ಮುಚ್ಚಳ ತೆಗೆದದ್ದು ಬೆಳಿಗ್ಗೆಯಿಂದ ಇದೇ ಮೊದಲು. ತಾಲ್ಲೂಕು ಕಚೇರಿಯ ಬೀಗದ ಹಿಂದೆ, ನೂರು ಸಹಿಗಳ ಮೇಲೆ, ಮೊದಲನೆಯ ಸಾಲು ಖಾಲಿಯಾಗಿತ್ತು.

"ಸಹಿ ಬಾಳ ಚೆನ್ನಾಗಿದೆ ಸಾರ್," ಎಂದು ಯುವಕ ಹಾಳೆ ಮಡಚಿಕೊಂಡು, ಫ್ರಿಜ್ಜಿನಿಂದ ಒಂದು ಬಾಟ್ಲಿ ತೆಗೆದು ಅವನ ಕೈಗಿತ್ತ.