ಮಾವನ ಕಾರಿಗೆ ಹೊಸ ಹೆಡ್‌ಲೈಟು

ತೊಂದರೆ ಶುರುವಾದದ್ದು ಬೆಳಿಗ್ಗೆ ಹೆಂಡತಿ ಕಾರಿನ ಮುಂದೆ ನಿಂತು ಆಡಿದ ಮಾತಿನಿಂದ.

"ರೀ, ಇದರ ಹೆಡ್‌ಲೈಟು ನೋಡಿ, ಕಾಮಾಲೆ ಬಂದವರ ಕಣ್ಣಿನ ಹಾಗಿದೆ. ಸಂಜೆ ಟ್ರೈನಿಗೆ ಅಪ್ಪ ಬರ್ತಾರೆ. ಏನಂತಾರೆ?"

ಏನಂತಾರೆ ಎಂಬುದು ಗಂಡನಾದ ಗ್ರಂಥಪಾಲಕನಿಗೆ ಚೆನ್ನಾಗಿ ಗೊತ್ತಿತ್ತು. ಕಾರು ಮೂಲತಃ ಮಾವನದು. ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರಾಗಿ ನಿವೃತ್ತರಾದ ಅವರು ಹೋದ ವರ್ಷ ಇದ್ದಕ್ಕಿದ್ದಂತೆ ಕಾರಿನ ಕೀ ಕೆಳಗಿಟ್ಟಿದ್ದರು. ಸಂಜೆಯಾದರೆ ರಸ್ತೆ ಕಾಣುವುದಿಲ್ಲ, ನನ್ನ ಕಣ್ಣು ಹೋಯಿತು ಎಂಬುದು ಅವರ ವಾದ. ಕಣ್ಣಿಗೆ ಏನೂ ಆಗಿಲ್ಲ ಎಂದು ಡಾಕ್ಟರು ಹೇಳಿದಾಗ ಮಾವ ಡಾಕ್ಟರನ್ನು ಬದಲಾಯಿಸಿದರೇ ಹೊರತು ಅಭಿಪ್ರಾಯವನ್ನಲ್ಲ. ಕಾರನ್ನು ಹಿರಿಯ ಅಳಿಯನಿಗೆ ಕೊಟ್ಟದ್ದು ಷರತ್ತಿನ ಮೇಲೆ. ಒಂದು ವರ್ಷ ಚೆನ್ನಾಗಿ ನೋಡಿಕೊಂಡರೆ ಅವನದು, ಇಲ್ಲವಾದರೆ ಕಿರಿಯ ಅಳಿಯನದು. ಈಗ ವರ್ಷ ತುಂಬಿತ್ತು. ಷಡ್ಡಕ ಆಗಲೇ ಮನೆ ಮುಂದೆ ಶೆಡ್ಡು ಕಟ್ಟಿಸಿದ್ದ.

ಗ್ರಂಥಪಾಲಕನ ಪಾಲಿಗೆ ಇದು ಬರೀ ಕಾರಲ್ಲ. ಜೀವಮಾನವೆಲ್ಲ ಇನ್ನೊಬ್ಬರಿಗೆ 'ಶ್' ಎಂದು ಬದುಕಿದವನಿಗೆ ಹಾರನ್ನು ಹೊಡೆಯುವ ಹಕ್ಕು ಸಿಕ್ಕಿತ್ತು. ಅಪಾರ್ಟ್‌ಮೆಂಟಿನಲ್ಲಿ ಅವನ ಹೆಸರು ತಿಳಿಯದವರೂ 'ಕಾರಿನ ಸಾರ್' ಎನ್ನುತ್ತಿದ್ದರು.

ಅವನು ರಜೆ ಹಾಕಿ ಆಟೋ ಎಲೆಕ್ಟ್ರಿಷಿಯನ್ ಬಳಿ ಹೋದ. ಆತ ಹಳದಿಗಟ್ಟಿದ ಹಳೆಯ ದೀಪಗಳನ್ನು ಬಿಚ್ಚಿ ಬಿಳಿ ಬೆಳಕಿನ ಹೊಸ ಜೋಡಿ ಕೂರಿಸಿದ. ಬೆಳಕಿನ ಎತ್ತರ ಸರಿಮಾಡಲು ಕತ್ತಲಾಗಬೇಕು, ಏಳು ಗಂಟೆ ಮೇಲೆ ಬನ್ನಿ ಎಂದ. ಆ ಹೊತ್ತಿಗೆ ಟ್ರೈನೇ ಬರುತ್ತದೆ ಎಂದು ಗ್ರಂಥಪಾಲಕ ಹಳೆಯ ದೀಪಗಳನ್ನು ಪೇಪರಿನಲ್ಲಿ ಸುತ್ತಿ ತೆಗೆದುಕೊಂಡು ಮನೆಗೆ ಹೊರಟ. ಕತ್ತಲಿಗೆ ಸಂಜೆಯವರೆಗೆ ಯಾಕೆ ಕಾಯಬೇಕು? ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಮಧ್ಯಾಹ್ನವೂ ಕತ್ತಲೆಯೇ.

ಅಲ್ಲಿ ಲೈಟು ಹಾಕಿದ್ದೇ ತಡ, ಜನ ಸೇರಿದರು. ಡ್ರಾಯಿಂಗ್ ಮೇಷ್ಟ್ರು ಚಾಕ್‌ಪೀಸ್ ಹಿಡಿದು ಬಂದು, ಕಾರಿನ ದೀಪದ ಎತ್ತರ ಅಳೆದು, ಎದುರು ಗೋಡೆಯ ಮೇಲೆ ಗೆರೆ ಎಳೆದರು. ಬೆಳಕಿನ ಮೇಲಂಚು ಆ ಗೆರೆಗೆ ತಾಗಬೇಕು, ದಾಟಬಾರದು ಎಂದರು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಬೇಕರಿಯಣ್ಣನಿಗೆ ಆ ಬೆಳಕನ್ನು ಒಳಗೆ ಕೂತೇ ನೋಡಬೇಕೆನಿಸಿತು. ಅವನ ತಮ್ಮನಿಗೂ ಹಾಗೇ ಅನಿಸಿತು. ಅಣ್ಣತಮ್ಮಂದಿರು ದೇಹದಲ್ಲಿ ಒಂದೇ ಅಚ್ಚಿನ ಬನ್ನುಗಳು. ನಿವೃತ್ತ ಬಸ್ ಕಂಡಕ್ಟರು ಹಳೇ ಅಭ್ಯಾಸದಿಂದ "ಒಳಗೆ ಹೋಗಿ, ಒಳಗೆ ಹೋಗಿ" ಎಂದು ಇಬ್ಬರನ್ನೂ ಹಿಂದಿನ ಸೀಟಿಗೆ ತಳ್ಳಿ, ತಾನೂ ಹತ್ತಿಕೊಂಡ. ಮೂವರೂ ಸಿನಿಮಾಕ್ಕೆ ಬಂದವರಂತೆ ಗೋಡೆ ನೋಡುತ್ತ ಕೂತರು.

"ಬೆಳಕು ಗೆರೆಯಿಂದ ಒಂದು ಗೇಣು ಮೇಲಿದೆ," ಎಂದರು ಮೇಷ್ಟ್ರು. ಗ್ರಂಥಪಾಲಕ ಬಾನೆಟ್ ಎತ್ತಿ ದೀಪಗಳ ಹಿಂದಿನ ಸ್ಕ್ರೂ ತಿರುಗಿಸಿದ. ಸ್ಕ್ರೂ ಬಿಗಿಯಾದಾಗ ಬೇಕರಿಯಣ್ಣ ಇಳಿದು, ಹಿಟ್ಟು ನಾದುವ ಕೈಯಿಂದ ಎರಡನ್ನೂ ಕೊನೆಯ ಸುತ್ತು ತಿರುಗಿಸಿ ಮತ್ತೆ ಹತ್ತಿ ಕೂತ. ಬೆಳಕು ಗೆರೆಯ ಮೇಲೆ ಕೂದಲೆಳೆಯಷ್ಟೂ ತಪ್ಪದೆ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಗ್ರಂಥಪಾಲಕ, ಗೋಡೆಯನ್ನು ತಾನೇ ಕಟ್ಟಿದವನಂತೆ ಎದೆಯುಬ್ಬಿಸಿ ನಿಂತ.

ಸಂಜೆ ಸ್ಟೇಷನ್ನಿಗೆಂದು ಒಬ್ಬನೇ ಕಾರನ್ನು ಗೇಟಿನಾಚೆ ತಂದಾಗ ಬೆಳಕು ಬಂಪರಿನ ಬುಡದಲ್ಲೇ ಬಿದ್ದಿತ್ತು. ಕಾರು ಬೀದಿಯಲ್ಲಿ ಕಳೆದುಹೋದ ಉಂಗುರ ಹುಡುಕುತ್ತಿರುವಂತಿತ್ತು.

ಗೆರೆ ತಪ್ಪಿರಲು ಸಾಧ್ಯವೇ ಇಲ್ಲ ಎಂದು ಮೇಷ್ಟ್ರು ಸಿಟ್ಟಾದರು. ನಿಜ ಹೊಳೆದದ್ದು ಕಂಡಕ್ಟರಿಗೆ.

"ಸಾರ್, ಆಗ ಹಿಂದೆ ನಾವಿದ್ವಿ. ಹಿಂಭಾರಕ್ಕೆ ಮೂತಿ ಮೇಲೆದ್ದಿತ್ತು. ಈಗ ಗಾಡಿ ಖಾಲಿ."

ಮತ್ತೆ ಸ್ಕ್ರೂ ತಿರುಗಿಸೋಣವೆಂದರೆ ಬೇಕರಿಯಣ್ಣನ ಕೈಗೆ ಸಿಕ್ಕು ಎರಡರ ತಲೆಯೂ ಸವೆದು ನುಣ್ಣಗಾಗಿತ್ತು. ಟ್ರೈನಿನ ಹೊತ್ತಾಗಿತ್ತು. ಉಳಿದದ್ದು ಒಂದೇ ದಾರಿ. ಮೂವರೂ ಹಿಂದೆ ಕೂತರು, ಬೆಳಕು ಎದ್ದು ಬೀದಿಯ ಕೊನೆಯವರೆಗೂ ಹಾಸಿಕೊಂಡಿತು.

ಸ್ಟೇಷನ್ನಿನಲ್ಲಿ ಮಾವ ಹಿಂದಿನ ಸೀಟಿಗೆ ಬಗ್ಗಿ ನೋಡಿದರು.

"ಇವರ್ಯಾರು, ಅಳಿಯಂದಿರೇ?"

"ನಿಮ್ಮನ್ನ ನೋಡಬೇಕೂಂತ ಬಂದಿದಾರೆ ಮಾವ."

ಮಾವ ಬೇಕರಿಯಣ್ಣನನ್ನು ಅನುಮಾನದ ತೂಕದ ಕಲ್ಲನ್ನು ನೋಡುವಂತೆ ನೋಡಿ ಮುಂದೆ ಕೂತರು. ಕಾರು ಹೊರಟಿತು. ಮಾವ ಮುಂದಕ್ಕೆ ಬಗ್ಗಿ ರಸ್ತೆಯನ್ನೇ ನೋಡತೊಡಗಿದರು. ಅದನ್ನು ಮೆಚ್ಚುಗೆಯೆಂದು ತಿಳಿದು ಗ್ರಂಥಪಾಲಕ ಬೇಕೆಂದೇ ಬೀದಿದೀಪವಿಲ್ಲದ ರಸ್ತೆಗೆ ತಿರುಗಿಸಿದ.

"ಅಲ್ಲೊಂದು ಗುಂಡಿ," ಎಂದರು ಮಾವ. ಸ್ವಲ್ಪ ಹೊತ್ತಿನ ಮೇಲೆ, "ಅಲ್ಲೊಂದು ನಾಯಿ." ಆಮೇಲೆ ದನಿ ತಗ್ಗಿಸಿ, "ಅದರ ಬಾಲಾನೂ ಕಾಣ್ತಿದೆ."

"ಎಲ್ಲ ಕಾಣುತ್ತೆ ಮಾವ," ಎಂದ ಗ್ರಂಥಪಾಲಕ ಹೆಮ್ಮೆಯಿಂದ. "ಹೊಸ ಹೆಡ್‌ಲೈಟು. ನಾನೇ ನಿಂತು ಹಾಕಿಸಿದ್ದು."

"ನಿಲ್ಲಿಸಿ. ನೀವು ಈ ಕಡೆ ಬನ್ನಿ."

ಉಳಿದ ದಾರಿ ಮಾವನೇ ಓಡಿಸಿದರು. ಹಿಂದಿನ ಸೀಟಿನವರು ಅಳಿಯನ ಡ್ರೈವಿಂಗಿಗಿಂತ ಇದೇ ಮೇಲು ಎಂದು ತಮ್ಮತಮ್ಮಲ್ಲೇ ಪಿಸುಗುಟ್ಟಿದರು. ಮನೆ ಮುಂದೆ ಎಲ್ಲರೂ ಇಳಿದ ಮೇಲೆ ಬೆಳಕು ಬಂಪರಿನ ಬುಡಕ್ಕೆ ಕುಸಿದದ್ದನ್ನು ಮಾವ ಗಮನಿಸಿ, ಕಾರಿನ ಸುತ್ತ ಒಂದು ಸಲ ಬಂದು, ಅಳಿಯನ ಭುಜದ ಮೇಲೆ ಕೈಯಿಟ್ಟರು. ಮದುವೆಯ ದಿನವೂ ಇಟ್ಟಿರಲಿಲ್ಲ.

"ಕಾರನ್ನ ನನಗಿಂತ ಚೆನ್ನಾಗಿ ಇಟ್ಕೊಂಡಿದೀರಿ. ಕಿರಿಯವರಿಗೆ ಕೊಡೋ ಮಾತೇ ಇಲ್ಲ."

ಗ್ರಂಥಪಾಲಕನಿಗೆ ಹಿಗ್ಗಿನಿಂದ ಶರ್ಟಿನ ಗುಂಡಿ ಬಿಗಿಯಾದಂತಾಯಿತು.

"ಆದ್ರೆ ನಾನಿದನ್ನ ಕೊಟ್ಟಿದ್ದು ಕಣ್ಣು ಹೋಯ್ತು ಅಂತ. ಡಾಕ್ಟರು ಹೇಳಿದ್ದೇ ಸರಿ. ಹೋಗಿದ್ದು ಕಣ್ಣಲ್ಲ, ಲೈಟು." ಮಾವ ಕೀಯನ್ನು ಜೇಬಿಗೆ ಹಾಕಿಕೊಂಡರು. "ಬೆಳಿಗ್ಗೆ ಇದರಲ್ಲೇ ಊರಿಗೆ ಹೋಗ್ತೀನಿ. ಹಿಂದೆ ಭಾರ ಇದ್ರೇನೇ ಬೆಳಕು ನೆಟ್ಟಗೆ ನಿಲ್ಲುತ್ತೆ ಅಲ್ವಾ? ಈ ಮೂವರನ್ನ ಕರ್ಕೊಂಡು ಹೋಗಕ್ಕಾಗಲ್ಲ. ನಿಮ್ಮ ಮನೇಲಿ ದಪ್ಪ ದಪ್ಪ ನಿಘಂಟು ಇವೆಯಲ್ಲ, ಅವೇ ಸಾಕು."

ಬೆಳಿಗ್ಗೆ ಅಪಾರ್ಟ್‌ಮೆಂಟಿನವರೆಲ್ಲ ಗೇಟಿನಲ್ಲಿ ಸಾಲಾಗಿ ನಿಂತರು. ನಿಘಂಟಿನ ಸಂಪುಟಗಳನ್ನು ಹೊತ್ತ ಕಾರು ಹಗಲಿನಲ್ಲೇ ಲೈಟು ಮಿನುಗಿಸಿ ಹೊರಟಿತು. ನಮ್ಮ ಸೆಟ್ಟಿಂಗ್ ಅದು ಎಂದು ಮೇಷ್ಟ್ರು ಬೀಗಿದರು.

ಗ್ರಂಥಪಾಲಕ ಮಾತ್ರ ಕುಗ್ಗಿರಲಿಲ್ಲ. ರಾತ್ರಿಯೆಲ್ಲ ಯೋಚಿಸಿ ಅವನೊಂದು ಉಪಾಯ ಮಾಡಿದ್ದ. ಮಾವ ಮತ್ತೆ ಬಂದಾಗ ಹೆಡ್‌ಲೈಟು ತೊಳೆಯುವ ನೆಪದಲ್ಲಿ ಹಳೆಯ ದೀಪಗಳನ್ನೇ ಕೂರಿಸಿಬಿಟ್ಟರೆ ಅವರ ಕಣ್ಣು ಮತ್ತೆ ಹೋಗುತ್ತದೆ, ಕಾರು ಮತ್ತೆ ಬರುತ್ತದೆ. ಅವನು ಗೆಲುವಾಗಿ ಒಳಗೆ ಬಂದ.

"ಬಾಗಿಲ ಹಿಂದೆ ಪೇಪರ್ ಸುತ್ತಿಟ್ಟಿದ್ದೆನಲ್ಲ, ಎಲ್ಲಿ?"

"ಅದಾ?" ಎಂದಳು ಹೆಂಡತಿ. "ಅಪ್ಪ ಬರೋ ಹೊತ್ತಿಗೆ ಮನೆ ನೀಟಾಗಿರಲಿ ಅಂತ ನಿನ್ನೇನೇ ಗುಜರಿಯವನಿಗೆ ಹಾಕಿದೆ ರೀ."