ಘಾಟೇ ಬಾರದ ದೃಷ್ಟಿ

ಟೀ ಫ್ಯಾಕ್ಟರಿಯ ಬಾಯ್ಲರ್ ಮುಂದೆ ಇಪ್ಪತ್ತೆಂಟು ವರ್ಷ ನಿಂತವನು ನಾನು. ಬೆಂಕಿಯ ವಿಷಯದಲ್ಲಿ ನಮ್ಮೂರು ಹುಬ್ಬತಲೈಯಲ್ಲಿ ನನ್ನದೇ ಕೊನೆಯ ಮಾತು. ‘ಪಿವಿಸಿ ಪೈಪು ಉರಿಸಬೇಡಿ, ಅದರ ಕ್ಲೋರಿನ್ ಕಾದ ಉಕ್ಕನ್ನು ತಿಂದುಹಾಕುತ್ತದೆ’ ಎಂದು ಊರಿಗೆಲ್ಲ ಉಪದೇಶ ಮಾಡಿದವನೂ ನಾನೇ!

ಮಗಳು ಗೌರಿ ಬಾಣಂತನಕ್ಕೆ ಬಂದಳು. ಚಳಿಗಾಲ. ಕೂಸಿಗೆ ಮನೆ ಬೆಚ್ಚಗಿರಬೇಕು, ಹೊಗೆ ಮಾತ್ರ ಸೋಕಬಾರದು. ಹಾಗಾಗಿ ಸೌದೆ ಒಲೆಗೆ ಸ್ಟೇನ್‌ಲೆಸ್ ಸ್ಟೀಲಿನ ಹೊಗೆಕೊಳವೆ ಹಾಕಿಸಿದೆ. ಪಕ್ಕದ ಮನೆಯ ಬೋಜ ಬಂದು ಕಣ್ಣರಳಿಸಿದ.

“ಅಬ್ಬಾ, ಎಂಥಾ ಮಿಂಚು ಅಣ್ಣಾ! ಮೊಮ್ಮಗನ ಕಾಲಕ್ಕೂ ಇರ್ತದೆ!”

ಬೋಜನ ಕಣ್ಣು ಕೆಟ್ಟದ್ದಲ್ಲ. ಆದರೂ ಕಣ್ಣು ಕಣ್ಣೇ! ಸಂಜೆ ನನ್ನ ಹೆಂಡತಿ ಮಾದಮ್ಮ ಕೂಸಿಗೆ ದೃಷ್ಟಿ ತೆಗೆಯುವಾಗ ನಾನೂ ಒಂದು ಹಿಡಿ ಉಪ್ಪು, ನಾಲ್ಕು ಮೆಣಸಿನಕಾಯಿ ಹಿಡಿದು ಕೊಳವೆಗೆ ನಿವಾಳಿಸಿ ಒಲೆಗೆ ಹಾಕಿದೆ. ಘಾಟು ಬರಲೇ ಇಲ್ಲ.

“ಘಾಟಿಲ್ಲ ಅಂದ್ರೆ ದೃಷ್ಟಿ ಜೋರಾಗೇ ಬಿದ್ದದೆ,” ಅಂದಳು ಮಾದಮ್ಮ.

ಮರುದಿನ ಎರಡು ಹಿಡಿ ಹಾಕಿದೆ. ಘಾಟಿಲ್ಲ! ವಾರದೊಳಗೆ ಬಟ್ಟಲು ತುಂಬ ಉಪ್ಪು. ಆಗಲೂ ಇಲ್ಲ! ಕೊಳವೆ ಚೆನ್ನಾಗಿ ಹೊಗೆ ಎಳೆಯುತ್ತಿದೆ, ಘಾಟೂ ಅದರ ಜೊತೆಗೇ ಹೋಗುತ್ತಿದೆ ಎಂಬುದು ಈ ಬಾಯ್ಲರ್ ಪಂಡಿತನಿಗೆ ಹೊಳೆಯಲಿಲ್ಲ. ಎರಡು ತಿಂಗಳು ಬಿಡದೆ ಸೇವೆ ಸಲ್ಲಿಸಿದೆ.

ಒಂದು ಸಂಜೆ ಉಪ್ಪು, ಮೆಣಸಿನಕಾಯಿ ಸುರಿದು ಒಲೆಯ ಬಾಗಿಲು ಮುಚ್ಚಿದೆ. ಕಟಕ್! ಕೊಳವೆ ಬುಡದಲ್ಲೇ ಹಪ್ಪಳದಂತೆ ಮುರಿದು ಬಿತ್ತು. ಎರಡು ತಿಂಗಳ ಬಾಕಿ ಘಾಟೆಲ್ಲ ಒಮ್ಮೆಗೇ ಬಂತು.

“ಗೌರಿ ಅಪ್ಪಾ, ಕೂಸು!” ಎಂದು ಚೀರುತ್ತಾ ಮಾದಮ್ಮ ಕೂಸನ್ನೆತ್ತಿಕೊಂಡು ಅಂಗಳಕ್ಕೆ ಓಡಿದಳು. ಅವಳ ಹಿಂದೆ ಗೌರಿ, ಕೊನೆಗೆ ನಾನು. ನನ್ನ ಜೀವ ಬಾಯಿಗೆ ಬಂದಿತ್ತು. ಕೂಸು ಒಮ್ಮೆ ಸೀನಿತು, ಆಕಳಿಸಿತು, ಮತ್ತೆ ನಿದ್ದೆಹೋಯಿತು. ಅಬ್ಬಾ, ಹೋದ ಜೀವ ಮರಳಿ ಬಂತು! ಅಳುವೂ ಬಂತು. ಕಣ್ಣೀರಿನ ತಪ್ಪನ್ನು ಮೆಣಸಿನಕಾಯಿಯ ಮೇಲೆ ಹಾಕಿದೆ.

ಘಾಟಿಗೆ ಬೋಜನೂ ಓಡಿ ಬಂದ. “ನನ್ನ ಕಣ್ಣೇ ಬಿತ್ತೇನೋ ಅಣ್ಣಾ?” ಎಂದ ಪಾಪ.

ಗೌರಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಹೊಗೆ ಕಳೆದ ಮೇಲೆ ಕೊಳವೆಯ ತುಂಡೊಂದನ್ನು ಬೆರಳಲ್ಲೇ ಪುಡಿಮಾಡಿ ನಕ್ಕಳು. “ಇಲ್ಲ ಮಾಮಾ. ಪಿವಿಸಿಯಲ್ಲಿರೋ ಕ್ಲೋರಿನ್ ಉಪ್ಪಲ್ಲೂ ಇರ್ತದೆ. ಅಪ್ಪನೇ ಅದನ್ನ ದಿನಾ ಕೊಳವೆಗೆ ಕೈಯಾರೆ ತಿನ್ಸಿದಾನೆ!”

“ಹೋಗ್ಲಿ ಬಿಡು, ಘಾಟು ಬಂತಲ್ಲ. ದೃಷ್ಟಿ ಹೋಯ್ತು,” ಅಂದಳು ಮಾದಮ್ಮ.

ಈಗ ಹೊಸ ಕೊಳವೆ ಬಂದಿದೆ. ಬೋಜ ಅದನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ನಾನು ಮಾತ್ರ ಉಪ್ಪಿನ ಡಬ್ಬಿ ಮುಟ್ಟುವಂತಿಲ್ಲ. ಸಾರಿಗೆ ಉಪ್ಪು ಸಾಲದಿದ್ದರೂ ಮಾದಮ್ಮನನ್ನೇ ಕೇಳಬೇಕು!