ಗೈಬುಸಾಬ ಕಟ್ಟಿದ ನೊಣ

ಗೈಬುಸಾಬನ ಆ ದಿನದ ಸಿಟ್ಟಿಗೆಲ್ಲ ಕಾರಣ ಒಂದು ನೊಣ. ಹಾರುವ ನೊಣವಲ್ಲ, ಮೀನನ್ನು ಮರುಳು ಮಾಡಲು ಗಾಳಕ್ಕೆ ಕೂದಲು ಸುತ್ತಿ ಕಟ್ಟುವ ನೊಣ. ಭೀಮಾ ನದಿಯ ಅಳತೆಗೆಂದು ದೇವಣಗಾಂವದಲ್ಲಿ ಡೇರೆ ಹೊಡೆದಿದ್ದ ಅನಂತರಾವ ಸಾಹೇಬರು ಮೂರು ಗಾಳ, ಒಂದು ಚಿತ್ರ ಕೊಟ್ಟು, "ಸಂಜಿಗೆ ಕಟ್ಟಿಡು. ಮೀನು ಬಿತ್ತಂದ್ರ ವರ್ಷಪೂರ್ತಿ ಡೇರೆ ಹೊಲಿಯೋ ಕೆಲಸ ನಿಂದಽ" ಎಂದಿದ್ದರು.

ಜಿಂಕೆಯ ಕೂದಲೇ ಬೇಕು, ಅದಾದರೆ ತೇಲುತ್ತದೆ. ಎದುರುಮನೆಯ ಜಾನಕಿಬಾಯಿ, ಮಾವನವರು ನಲವತ್ತು ವರ್ಷ ಜಪಕ್ಕೆ ಕೂತು ಸವೆಸಿದ ಜಿಂಕೆ ಚರ್ಮ ಕೊಟ್ಟರು. ದರ್ಜಿ ಗೈಬುಸಾಬ ಕೂದಲಿಗೆ ಹಳದಿ, ಕೆಂಪು ಬಣ್ಣ ಹಾಕಿ, ಪಟ್ಟೆಪಟ್ಟೆಯಾಗಿ ಬಿಗಿದು, ಕತ್ತರಿಯಿಂದ ದುಂಡಗೆ ಮಾಡಿದ. ಮೊದಲನೆಯದು ಮುಗಿಯುವಷ್ಟರಲ್ಲಿ ನೆರೆಮನೆಯ ಚನ್ನವ್ವ ಅಳುವ ಮೊಮ್ಮಗನನ್ನು ಎತ್ತಿಕೊಂಡು ಬಂದಳು.

"ಈ ತಾಯತ ಯಾರಿಗೋ?"

"ತಾಯತ ಅಲ್ಲಬೇ, ನೊಣ! ಸಾಹೇಬರಿಗೆ ಮೀನ ಹಿಡಿಯಾಕ."

"ಆಚಾರ್ರ ಮನಿತನದ ಸಾಹೇಬರು ಮೀನ ಹಿಡೀತಾರ? ಯಾರಿಗೆ ಹೇಳ್ತಿ? ಜಪದ ಚರ್ಮ, ಸಾಬನ ಕೈ. ಎರಡೂ ಕಡೀದು ಶಕ್ತಿ ಕೂಡೇತಿ, ಸುಳ್ಳಾದೀತೇನು?"

"ಅದರಾಗ ಗಾಳ ಐತಿ, ಚುಚ್ಚತೈತಿ!"

"ದೃಷ್ಟಿಗೆ ಚುಚ್ಚಲಿ ಬಿಡು" ಎಂದು ಕಸಿದುಕೊಂಡು ಹೋಗಿ ತೊಟ್ಟಿಲ ಮೇಲೆ ತೂಗುಹಾಕಿದಳು. ಅತ್ತು ಅತ್ತು ಸುಸ್ತಾದ ಮಗು ಮಲಗಿಬಿಟ್ಟಿತು. ಹಾಳಾದ ಕೂಸು ಅವತ್ತೇ ಮಲಗಬೇಕೆ!

ಮಧ್ಯಾಹ್ನಕ್ಕೆ ಓಣಿಯೆಲ್ಲ ಅಂಗಡಿ ಮುಂದೆ. ಒದೆಯುವ ಎಮ್ಮೆಯ ಕೊಂಬಿಗೆಂದು ಚಂದಪ್ಪ ಎರಡನೆಯದನ್ನು ಎತ್ತಿಕೊಂಡ. ಗೈಬುಸಾಬ ಮೂರನೆಯದನ್ನು ಮುಷ್ಟಿಯಲ್ಲಿ ಹಿಡಿದು, ಕತ್ತರಿ ಎತ್ತಿ ನಿಂತ.

"ಮುಟ್ಟಿದ್ರ ಕೈ ಕತ್ತರಿಸ್ತೇನಿ! ಕತ್ತೆಗೋಳ್ರಾ, ಇದು ನೊಣ! ನೊಣ!"

"ಅಂಜಬ್ಯಾಡ್ರಿ," ಚಂದಪ್ಪ ಜನಕ್ಕೆ ಸಮಾಧಾನ ಹೇಳಿದ, "ಮೈಮ್ಯಾಲ ಬಂದೈತಿ ಅವಂಗ."

ಎಲ್ಲರೂ ಕೈಮುಗಿದರು. ಗೈಬುಸಾಬ ಕೂಗಿದಷ್ಟೂ ಭಕ್ತಿ ಹೆಚ್ಚಾಯಿತು.

ಸಂಜೆ ಸಾಹೇಬರು ಬಂದಾಗ ಅವನಿಗೆ ಹೋದ ಜೀವ ಬಂತು. "ಸಾಹೇಬ್ರ, ನೀವರ ಹೇಳ್ರಿ ಇವರಿಗೆ, ಇದು ಏನಂತ!"

ಸಾಹೇಬರು ನೊಣವನ್ನು ತಿರುಗಿಸಿ ನೋಡಿದರು, ಜನರನ್ನು ನೋಡಿದರು, ದನಿ ತಗ್ಗಿಸಿದರು. "ಗೈಬುಸಾಬರ, ನಾಳೆ ಮ್ಯಾಲಿನ ಸಾಹೇಬ ತಪಾಸಣಿಗೆ ಬರ್ತಾನ. ಇದನ್ನ ಎಡಗೈಗೆ ಕಟ್ಟಿಕೋಬೇಕೋ, ಬಲಗೈಗೋ?"

ಗೈಬುಸಾಬ ಎತ್ತಿದ ಕತ್ತರಿ ಕೆಳಗಿಳಿಸಿದ. "ಮತ್ತ... ಡೇರೆ ಕೆಲಸರೀ?"

ಸಾಹೇಬರು ಗಲ್ಲ ಗಲ್ಲ ಬಡಿದುಕೊಂಡರು. "ಛೇ ಛೇ! ನಿಮ್ಮಂಥವರ ಕೈಲೆ ಡೇರೆ ಹೊಲಿಸಿದ್ರ ನನಗ ಪಾಪ ಬರ್ತದ್ರೀ. ನಿಮ್ಮ ಮಹಿಮಾ ಕೇಳಿದ ಕೂಡಲೇ ಅದನ್ನ ಆ ಇನ್ನೊಬ್ಬ ದರ್ಜಿ ನಬಿಸಾಬಗ ಹೇಳಿ ಬಂದೇನಿ."

ಗೈಬುಸಾಬ ಕತ್ತರಿ ಎಸೆದು ಚೀರಿದ. ಜನ ಕೈಮುಗಿದರು, ಎಲ್ಲರಿಗಿಂತ ಮೊದಲು ಸಾಹೇಬರು.